ಹಳದಿ ಬನಿಯನ್ನಿನ ಹಿಂದೆ ಮೂರು ಕಿಲೋಮೀಟರ್

ದೂರದ ಓಟ ಓಡುವವರೆಲ್ಲ ಆರೋಗ್ಯಕ್ಕಾಗಿ ಓಡುತ್ತಾರೆಂದು ನೀವು ನಂಬಿದ್ದರೆ ನಿಮ್ಮ ಒಳ್ಳೆಯತನಕ್ಕೆ ನಮಸ್ಕಾರ. ನಾನು ಓಡಿದ್ದು ಎದುರುಮನೆ ಸುಂದರಂ ಅವರ ಬಾಯಿ ಮುಚ್ಚಿಸಲಿಕ್ಕೆ. ಹೋದ ವರ್ಷ ಇಪ್ಪತ್ತೊಂದು ಕಿಲೋಮೀಟರ್ ಓಡುತ್ತೇನೆಂದು ಪೆರಂಬೂರಿನ ನಮ್ಮ ಅಪಾರ್ಟ್‌ಮೆಂಟಿಗೆಲ್ಲ ಡಂಗುರ ಸಾರಿ, ಹದಿನಾರಕ್ಕೇ ಸುಸ್ತಾಗಿ ಆಟೋ ಹತ್ತಿದ್ದೆ. ಎದೆಯ ಮೇಲೆ ನಂಬರ್ ಚೀಟಿ ಹಾಕಿಕೊಂಡೇ ಗೇಟಿನ ಮುಂದೆ ಇಳಿಯುವಾಗ ಇವರ ಕಣ್ಣಿಗೇ ಬೀಳಬೇಕೆ! ಆಟೋ ಎಷ್ಟನೆಯ ಸ್ಥಾನ ಬಂತು ಸಾರ್ ಎಂದು ತಮಿಳಿನಲ್ಲಿ ಬಹಳ ವಿನಯದಿಂದ ವಿಚಾರಿಸಿದರು. ಆ ವಿನಯ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಈ ಸಲ ಏನೇ ಆಗಲಿ, ಮುಗಿಸಿಯೇ ತೀರಬೇಕೆಂದು ಪಣ ತೊಟ್ಟೆ.

ತಯಾರಿಗೆ ಮಗಳು ನಂದಿತಾ ಜೊತೆಯಾದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ಹುಡುಗಿ, ಓಡುವಾಗ ಮಾತ್ರ ಅಪ್ಪಟ ಹಾಸನದವಳು. ಕಾರಣ ಭಾಷಾಭಿಮಾನವಲ್ಲ; ಸುತ್ತ ಓಡುವವರನ್ನು ಆಡಿಕೊಳ್ಳಲು ಇಷ್ಟು ಕ್ಷೇಮವಾದ ಭಾಷೆ ಈ ಊರಿನಲ್ಲಿ ಇನ್ನೊಂದಿಲ್ಲ. ತಿದ್ದಬೇಕಾದ ನಾನೂ ಸೇರಿಕೊಳ್ಳುತ್ತಿದ್ದೆ.

ಓಟದ ದಿನ ಸುಂದರಂ ಅವರನ್ನು ನೆನೆಯುತ್ತಾ ಹಲ್ಲು ಕಚ್ಚಿ ಓಡಿದೆ. ಸಿಟ್ಟು ಹತ್ತು ಕಿಲೋಮೀಟರಿಗೆ ಸಾಕಾಯಿತು. ಆಮೇಲೆ ಮೊಣಕಾಲು, ಸೊಂಟ, ಹಿಮ್ಮಡಿ ಒಂದೊಂದಾಗಿ ಹಾಜರಿ ಹಾಕಿದವು. ಹದಿನಾರಕ್ಕೆ ಅದೇ ಆಟೋ ಸ್ಟ್ಯಾಂಡ್! ನನ್ನ ಕಣ್ಣು ಅತ್ತ ಹೊರಳಿದ್ದನ್ನು ಮಗಳು ನೋಡಿಬಿಟ್ಟಳು.

"ಅಪ್ಪಾ, ಆ ಕಡೆ ನೋಡ್ಬೇಡ. ಮುಂದೆ ಹಳದಿ ಬನಿಯನ್ ಮಾಮ ಇದಾರಲ್ಲ, ಅವ್ರನ್ನ ನೋಡು. ಇಡ್ಲಿ ಹಿಟ್ಟಿನ ಪಾತ್ರೆ ಹೊತ್ಕೊಂಡಿರೋ ಹಾಗೆ ಓಡ್ತಿಲ್ವಾ?"

"ತುಳುಕಿಸ್ಬೇಡಿ ಅಂತ ಹೆಂಡ್ತಿ ಹೇಳಿ ಕಳ್ಸಿರ್ಬೇಕು ಕಣೆ."

ಇಬ್ಬರೂ ನಕ್ಕೆವು. ಆಶ್ಚರ್ಯವೆಂದರೆ, ನಗುವಷ್ಟು ಹೊತ್ತು ಮೊಣಕಾಲು ಸುಮ್ಮನಿತ್ತು. ಅವರ ಹೊಟ್ಟೆ, ಟೋಪಿ, ತೋಳು ಬೀಸುವ ರೀತಿ ಎಂದು ಮಾತಾಡುತ್ತಾ ಮೂರು ಕಿಲೋಮೀಟರ್ ಕಳೆದದ್ದೇ ಗೊತ್ತಾಗಲಿಲ್ಲ. ಹತ್ತೊಂಬತ್ತರ ಹತ್ತಿರ, ನೀರು ಕೊಡುವ ಮೇಜಿನ ಬಳಿ ಅವರು ನಿಂತು ನಮ್ಮತ್ತ ತಿರುಗಿದರು.

"ನಮ್ದೂ ಅರಸೀಕೆರೆ ಕಡೇನೇ ಸಾರ್. ಹಿಟ್ಟು ಇನ್ನೂ ತುಳುಕಿಲ್ಲ."

ಅಯ್ಯೋ ದೇವರೇ! ಉಳಿದ ಎರಡು ಕಿಲೋಮೀಟರನ್ನು ಜನ್ಮದಲ್ಲೇ ಓಡದ ವೇಗದಲ್ಲಿ ಓಡಿದೆ. ನೋವೂ ಇಲ್ಲ, ಸುಸ್ತೂ ಇಲ್ಲ. ಆ ಮನುಷ್ಯನಿಗೆ ಮುಖ ತೋರಿಸದಿದ್ದರೆ ಸಾಕಿತ್ತು. "ಮೆಲ್ಲಗೆ ಅಪ್ಪಾ, ಮೆದುವಾ!" ಎಂದು ಮಗಳು ಹಿಂದಿನಿಂದ ಎರಡೂ ಭಾಷೆಗಳಲ್ಲಿ ಕೂಗುತ್ತಿದ್ದಳು.

ಸುಂದರಂ ಅವರ ಬಾಗಿಲ ಮುಂದೆ ಪದಕ ಹಾಕಿಕೊಂಡು ಎರಡು ಸಲ ಓಡಾಡಿದೆ. ಈ ಸಲ ಹೇಗೆ ಸಾಧ್ಯವಾಯಿತೆಂದು ಅವರು ಕೈಕುಲುಕಿ ಕೇಳಿದರು. ಎಲ್ಲ ಛಲ ಸಾರ್ ಎಂದೆ. ಮುಂದಿನ ವರ್ಷವೂ ಓಡುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಗುರಿ ಮುಟ್ಟಿದ ಮೇಲೆ ತಾವಾಗಿಯೇ ಬಂದು ಪರಿಚಯ ಮಾಡಿಕೊಂಡ ಹಳದಿ ಬನಿಯನ್ನಿನವರು ಈಗ ನಮ್ಮ ಬೆಳಗಿನ ಓಟಕ್ಕೂ ಸೇರಿದ್ದಾರೆ. ಅವರೂ ಮಗಳೂ ನನ್ನ ಹಿಂದೆಯೇ ಓಡುತ್ತಾ, ಕನ್ನಡದಲ್ಲಿ ಏನೋ ಹೇಳಿಕೊಂಡು ನಗುತ್ತಿರುತ್ತಾರೆ. ಯಾರ ವಿಷಯವೆಂದು ನಾನಿನ್ನೂ ಕೇಳಿಲ್ಲ.