ಮುಂದೆ ಗುರಿ, ಹಿಂದೆ ಗುರು

ಬೆಳಗಿನ ಶಿಕ್ಷಕರ ಸಭೆಯಲ್ಲಿ ಗಣಿತದ ಮೇಷ್ಟ್ರು ಆಕಳಿಸಿದ್ದೇ ತಪ್ಪಾಯಿತು. ಆಕಳಿಸಿದವರು ಬಾಯಿ ಮುಚ್ಚಿ ಸುಮ್ಮನಿರಬಾರದೇ? ಮೈಮುರಿಯುತ್ತ ಕೈಯನ್ನೂ ಮೇಲೆತ್ತಿಬಿಟ್ಟರು. ಸರಿಯಾಗಿ ಅದೇ ಗಳಿಗೆಯಲ್ಲಿ ಹೆಡ್‌ಮೇಡಂ, "ವರ್ಷ ಮುಗೀತಾ ಬಂತು. ಮಕ್ಕಳು ಕಲಿತದ್ದನ್ನ ನೆನೆಸ್ಕೊಂಡು, ಮುಂದಿನ ವರ್ಷಕ್ಕೆ ಒಂದೊಂದು ಗುರಿ ಇಟ್ಕೋಬೇಕು. ಇವತ್ತು ಯಾರು ಮಾಡಿಸ್ತೀರಿ?" ಎಂದು ಕೇಳಿದ್ದರು.

"ಭೇಷ್! ನೀವೊಬ್ಬರಾದ್ರೂ ಕೈ ಎತ್ತಿದ್ರಲ್ಲ!"

ಮೇಷ್ಟ್ರು ಸರಕ್ಕನೆ ಕೈ ಕೆಳಗಿಳಿಸಿದರು. ಅವರದು ಏಳನೇ ತರಗತಿಯ ಬಿ ವಿಭಾಗ. ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ ಒಬ್ಬನನ್ನು ಕೂರಿಸಿದರೆ ಇಬ್ಬರು ನೆಗೆಯುವ ಮಕ್ಕಳು. ಆ ಶಾಲೆಯಲ್ಲಿ ಮಕ್ಕಳು ಮೇಲಿನ ತರಗತಿಗೆ ಹೋದರೆ ಮೇಷ್ಟ್ರೂ ಜೊತೆಗೆ ಹೋಗಬೇಕು. ತಪ್ಪಿಸಿಕೊಳ್ಳಲು ಇದೇ ಸಮಯ ಎನ್ನಿಸಿತು.

"ಚೆನ್ನಾಗಿ ಮಾಡಿಸಿದ್ರೆ ನಂಗೆ ಒಂದನೇ ತರಗತಿ ಕೊಡ್ತೀರಾ ಮೇಡಂ?"

"ಕೊಟ್ಟೆ, ಹೋಗಿ!"

ಮೇಷ್ಟ್ರು ಹುರುಪಿನಿಂದ ತರಗತಿಗೆ ನುಗ್ಗಿದರು. "ಎಲ್ಲರೂ ಒಂದ್ಸಲ ಹಿಂತಿರುಗಿ ನೋಡಿ!"

ಇಡೀ ತರಗತಿ ದಡಬಡನೆ ಹಿಂತಿರುಗಿ ಗೋಡೆ ನೋಡಿತು.

"ಹಲ್ಲಿ ಇದೆ ಸಾರ್!" ಎಂದಳು ಮುಂದಿನ ಬೆಂಚಿನ ಚಿನಕುರುಳಿ.

"ಗೋಡೆ ಅಲ್ಲ ಕಣೇ, ಈ ವರ್ಷ ಕಲಿತದ್ದನ್ನ! ಸರಿ, ಈಗ ಗುರಿ ಇಡಿ."

ಹಿಂದಿನ ಬೆಂಚಿನ ಕಿಲಾಡಿ ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು, ಒಂದು ಕಣ್ಣು ಮುಚ್ಚಿದ. "ಯಾರಿಗೆ ಸಾರ್?"

ಕಿಟಕಿಯಲ್ಲಿ ಇಣುಕಿದ ಆಟದ ಮೇಷ್ಟ್ರು, "ಗುರಿ ಅನ್ನೋದನ್ನ ಮೈದಾನದಲ್ಲೇ ಕಲಿಸ್ಬೇಕು," ಎಂದು ಎಲ್ಲರನ್ನೂ ಹೊರಗೆ ಹೊರಡಿಸಿ ಒಂದು ಬಕೆಟ್ ಇಟ್ಟರು. ಎಸೆದ ಚೆಂಡುಗಳೆಲ್ಲ ಬಕೆಟ್ ಬಿಟ್ಟು ಗಣಿತದ ಮೇಷ್ಟ್ರ ಬೆನ್ನಿಗೇ ಬಿದ್ದವು. ಅಷ್ಟರಲ್ಲಿ ಚಿತ್ರಕಲೆಯ ಮೇಡಂ ಬಂದು, "ದೊಡ್ಡ ಕನಸು ಕಾಣಿ ಮಕ್ಕಳೇ!" ಎಂದರು. ಒಬ್ಬ ಚಂದ್ರನನ್ನೇ ಕೊಳ್ಳುತ್ತೇನೆಂದ. ಇನ್ನೊಬ್ಬ ದೊಡ್ಡವನಾಗಿ ಶಾಲೆಗಳನ್ನೆಲ್ಲ ಮುಚ್ಚಿಸುತ್ತೇನೆಂದ. ಅವನಿಗೆ ಚಪ್ಪಾಳೆಯೂ ಬಿತ್ತು.

ಮೇಷ್ಟ್ರು ಬೆನ್ನು ಸವರಿಕೊಳ್ಳುತ್ತ ಕೈಮುಗಿದರು. "ಚಂದ್ರ ಬೇಡ ಕಣ್ರಪ್ಪಾ. ದಿನಾ ಕಣ್ಣೆದುರಿಗೆ ಕಾಣುತ್ತಲ್ಲ, ಅಂಥದ್ದೇ ಏನಾದ್ರೂ ಗುರಿ ಮಾಡ್ಕೊಳ್ಳಿ!"

ಮಕ್ಕಳು ಅವರನ್ನೇ ದಿಟ್ಟಿಸಿದರು. ಆಮೇಲೆ ಗುಸುಗುಸು ಶುರುವಾಯಿತು.

ಎಲ್ಲರೂ ತರಗತಿಗೆ ಮರಳಿದ ಮೇಲೆ, ಕೊನೆಯ ಗಂಟೆಗೆ ಹೆಡ್‌ಮೇಡಂ ಬಂದರು. ಮೊದಲು ಎದ್ದವನು ಕಿಲಾಡಿ. "ಎಂಟನೇ ಕ್ಲಾಸಿಗೆ ಹೋದ ದಿನದಿಂದ ಸಾರ್ ಮೇಲೆ ಸೀಮೆಸುಣ್ಣ ಎಸೆಯಲ್ಲ ಮೇಡಂ."

"ದಿನಕ್ಕೊಂದ್ಸಲ ಆದ್ರೂ ಸಾರ್‌ನ ನಗಿಸ್ತೀನಿ," ಎಂದಳು ಚಿನಕುರುಳಿ.

ವರ್ಷವಿಡೀ ಬಾಯಿ ಬಿಡದ ಹುಡುಗಿ ಮೆಲ್ಲಗೆ ಎದ್ದಳು. "ಭಿನ್ನರಾಶಿ ತಿಳೀದಿದ್ರೆ ಅಳೋದಿಲ್ಲ, ಸಾರ್‌ನೇ ಕೇಳ್ತೀನಿ. ಎಷ್ಟು ಸಲ ಕೇಳಿದ್ರೂ ಅವರು ಬಯ್ಯೋದಿಲ್ಲ."

ಇಷ್ಟು ದಿನ ಇವರಿಂದ ಓಡಿಹೋಗಲು ನೋಡಿದೆನಲ್ಲ ಎಂದು ಮೇಷ್ಟ್ರಿಗೆ ನಾಚಿಕೆಯಾಯಿತು.

ಹೆಡ್‌ಮೇಡಂ ಕನ್ನಡಕ ಒರೆಸಿಕೊಂಡರು. "ಮುಂದೆ ಗುರಿ, ಹಿಂದೆ ಗುರು ಅಂತಾರೆ. ಇಲ್ಲಿ ಗುರುವೇ ಗುರಿ! ನೀವು ಹೋಗ್ಬಿಟ್ರೆ ಇವರು ಗುರಿ ಇಲ್ಲದವರಾಗ್ತಾರಲ್ಲ ಸಾರ್? ಆದ್ರೂ ಮಾತು ಅಂದ್ರೆ ಮಾತು. ಒಂದನೇ ತರಗತಿಯೇ ಬೇಕು ಅಂದ್ರೆ ಕೈ ಎತ್ತಿ."

ಮೇಷ್ಟ್ರ ಬಲಗೈಯನ್ನು ಕಿಲಾಡಿ ಆಗಲೇ ಓಡಿಬಂದು ಹಿಡಿದಿದ್ದ. ಎಡಗೈಗೆ ಚಿನಕುರುಳಿ ಜೋತುಬಿದ್ದಿದ್ದಳು. ಬೆಳಗ್ಗೆ ಬೇಡದಾಗ ತಾನಾಗಿಯೇ ಎದ್ದಿದ್ದ ಕೈ ಈಗ ಏಳಲಿಲ್ಲ. ಎಳೆದರೆ ಬಿಡಿಸಿಕೊಳ್ಳಬಹುದಿತ್ತು. ಎಳೆಯಲಿಲ್ಲ.

"ಸಾರ್ ನಮಗೇ!" ತರಗತಿ ಎದ್ದು ಕುಣಿಯಿತು. ಮೇಷ್ಟ್ರೂ ನಕ್ಕರು. ಅಷ್ಟರಲ್ಲಿ ಅವರ ಬೋಳುತಲೆಗೆ ಟಪ್ಪೆಂದು ಸೀಮೆಸುಣ್ಣದ ತುಂಡೊಂದು ಬಡಿಯಿತು.

"ಲೋ! ಈಗ ತಾನೇ ಎಸೆಯಲ್ಲ ಅಂದ್ಯಲ್ಲೋ!"

"ಅದು ಎಂಟನೇ ಕ್ಲಾಸಿಗೆ ಸಾರ್," ಎಂದ ಕಿಲಾಡಿ, ಹಿಡಿದ ಕೈ ಬಿಡದೆ. "ಇದಿನ್ನೂ ಏಳು!"