ಮಸ್ಕತ್ತಿನಲ್ಲಿ ನಾನು ಬೀಡಿ ಬಿಟ್ಟ ಬಗೆಗಳು

ನನ್ನ ಕೈಯಲ್ಲಿ ಯಾವ ಕೆಲಸವೂ ಒಂದೇ ಏಟಿಗೆ ನೆಟ್ಟಗೆ ಆದದ್ದಿಲ್ಲ, ಹಾಗಂತ ಆಗದೆ ಉಳಿದದ್ದೂ ಇಲ್ಲ. ನಡುವೆ ಏನಾದರೊಂದು ನಡೆದೇ ತೀರುತ್ತದೆ, ಅದಕ್ಕೆ ನಾನು ಜವಾಬ್ದಾರನಲ್ಲ. ಎಪ್ಪತ್ತರ ದಶಕದಲ್ಲಿ ಅರಬ್ ದೇಶಕ್ಕೆ ಹೋದವರೆಲ್ಲ ಬರುವಾಗ ರೇಡಿಯೋ ತಂದರು, ಕೈಗಡಿಯಾರ ತಂದರು, ಹೂವಿನ ಚಿತ್ರದ ಕಂಬಳಿ ತಂದರು. ನಾನು ಬೀಡಿ ಇಲ್ಲದ ಬಾಯಿ ತಂದೆ. ಹೊಳಲ್ಕೆರೆ ತಾಲ್ಲೂಕಿನಲ್ಲಿ ಅಂಥ ಸಾಮಾನು ಅದಕ್ಕೂ ಮುಂಚೆ ಯಾರೂ ಇಳಿಸಿರಲಿಲ್ಲ.

ಅದಕ್ಕೂ ಮೊದಲು ನಾನು ಹಿರಿಯೂರಿನ ಹೆದ್ದಾರಿ ಕೆಲಸದಲ್ಲಿ ರೋಡ್ ರೋಲರ್ ಓಡಿಸುತ್ತಿದ್ದೆ. ದಿನಕ್ಕೆ ಎರಡು ಕಟ್ಟು ಬೀಡಿ. ದೂರದಿಂದ ನೋಡಿದವರಿಗೆ ಹೊಗೆ ಎಂಜಿನ್ನಿನದೋ ಡ್ರೈವರಿನದೋ ಗೊತ್ತಾಗುತ್ತಿರಲಿಲ್ಲ. ಮಸ್ಕತ್ತಿನಲ್ಲಿ ಎರಡು ವರ್ಷದ ರಸ್ತೆ ಕೆಲಸ ಸಿಕ್ಕಿತು. ಹೊರಡುವ ಹೊತ್ತಿಗೆ ನನ್ನ ಮಗಳಿಗೆ ಎಂಟು ತಿಂಗಳು. ಹುಟ್ಟಿದಾಗಿನಿಂದ ಉಬ್ಬಸ. ದುರ್ಗದ ಡಾಕ್ಟರು, ಮನೆಯೊಳಗೆ ಹೊಗೆ ಸುಳಿಯಬಾರದು, ಒಲೆ ಹೊಗೆಯನ್ನೇ ಈ ಕೂಸು ತಡೆಯಲ್ಲ, ಇನ್ನು ಬೀಡಿ ಹೊಗೆಯ ಮಾತೇ ಬೇಡ ಎಂದಿದ್ದರು. ಬಸ್ ಹತ್ತುವಾಗ ನನ್ನ ಹೆಂಡತಿ ಅಳುತ್ತಾಳೆಂದು ನಾನು ಕರ್ಚೀಪು ತೆಗೆದಿಟ್ಟುಕೊಂಡಿದ್ದೆ. ಅವಳು ಅಳಲಿಲ್ಲ.

"ಬೀಡಿ ಬಿಟ್ಟು ಬಂದ್ರೆ ಒಳಗೆ ಬಂದು ಕೂಸನ್ನ ಎತ್ಕಳ್ರಿ" ಅಂದಳು. "ಬಿಡ್ದೆ ಬಂದ್ರೆ ಅಂಗಳದಾಗೆ ನಿಂತು ನೋಡ್ಕಂಡು ಹೋಗ್ರಿ."

ಆ ಕರ್ಚೀಪು ನನಗೇ ಬೇಕಾಯಿತು.

ಕಡಲಿಗೆ ಎಸೆಯುವುದು

ಬೊಂಬಾಯಿಯಿಂದ ಹಡಗು. ಎರಡನೇ ದಿನ ಬೆಳಿಗ್ಗೆ ಕಟಕಟೆ ಹಿಡಿದು ನಿಂತು, ಸುತ್ತ ಇದ್ದ ಹತ್ತಾರು ಜನಕ್ಕೆ ನನಗೆ ಬರುವ ಹಿಂದಿಯಲ್ಲಿ ಒಂದು ಭಾಷಣ ಮಾಡಿದೆ. ಮಗಳ ವಿಷಯ ಹೇಳಿದೆ. ಇಬ್ಬರು ಕಣ್ಣೊರೆಸಿಕೊಂಡರು. ಆಮೇಲೆ ಬೀಡಿ ಕಟ್ಟನ್ನು ಕೈ ಬೀಸಿ ಕಡಲಿಗೆ ಎಸೆದೆ. ಹಡಗಿನ ಗಾಳಿ ನಮ್ಮೂರ ಗಾಳಿಯಂತಲ್ಲ. ಕಟ್ಟು ಮೇಲೆ ಹೋಯಿತು, ಸ್ವಲ್ಪ ಹೊತ್ತು ನಿಂತು ಯೋಚನೆ ಮಾಡಿತು, ಹಿಂದಕ್ಕೆ ತಿರುಗಿ ಹಡಗಿನ ಕೆಳಗಿನ ಅಂತಸ್ತಿನಲ್ಲಿ ಬಿತ್ತು.

ಐದು ನಿಮಿಷಕ್ಕೆ ಒಬ್ಬ ಮಲಬಾರಿನವನು ಏಣಿ ಹತ್ತಿ ಏದುಸಿರು ಬಿಡುತ್ತಾ ಬಂದು, ನಿಮ್ಮದೇ ತಾನೆ, ಬಿದ್ದಿತ್ತು ನೋಡಿ ಎಂದು ಕೈಗೆ ಕೊಟ್ಟ. ಮತ್ತೆ ಎಸೆದೆ. ಮತ್ತೆ ತಂದ. ಮೂರನೇ ಸಲ ತಂದಾಗ, ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಳ್ಳಬಾರದೇ, ನನಗೂ ವಯಸ್ಸಾಗಿದೆ ಎಂದು ಬೈದ. ಅಂಥ ಪ್ರಾಮಾಣಿಕ ಮನುಷ್ಯನಿಗೆ ಬರಿಗೈಯಲ್ಲಿ ಹೋಗು ಅನ್ನುವುದು ಹೇಗೆ? ಒಂದು ಬೀಡಿ ಕೊಟ್ಟೆ. ಒಬ್ಬನೇ ಸೇದಲು ಸಂಕೋಚಪಟ್ಟ. ಅವನ ಸಂಕೋಚ ಹೋಗಲಿ ಎಂದು ನಾನೂ ಒಂದು ಹೊತ್ತಿಸಿದೆ.

ಬೆಂಕಿಪೊಟ್ಟಣ ದೂರ ಇಡುವುದು

ಕ್ಯಾಂಪು ಇದ್ದದ್ದು ಊರಿಂದ ದೂರ, ಬರೀ ಮರಳು. ಅಲ್ಲಿ ನನ್ನ ಎರಡನೇ ಉಪಾಯ. ಬೀಡಿ ಜೇಬಿನಲ್ಲೇ ಇರಲಿ, ಬೆಂಕಿಪೊಟ್ಟಣ ಮಾತ್ರ ಶೆಡ್ಡಿನಲ್ಲಿ. ಶೆಡ್ಡಿಗೂ ಕೆಲಸದ ಜಾಗಕ್ಕೂ ಒಂದು ಮೈಲಿ. ಆ ಬಿಸಿಲಲ್ಲಿ ಒಂದು ಕಡ್ಡಿಗಾಗಿ ಒಂದು ಮೈಲಿ ಯಾರು ನಡೆಯುತ್ತಾರೆ?

ನಡೆಯಬೇಕಾಗಿಲ್ಲ ಅನ್ನುವುದು ಮೊದಲ ದಿನ ಹತ್ತು ಗಂಟೆಗೇ ಹೊಳೆಯಿತು. ನಾನು ಕೂತಿದ್ದೇ ಗಾಡಿಯ ಮೇಲೆ. ಕೂತಲ್ಲಿ ಕೂರಲಾಗದೆ, ಕಾಲು ಕುಣಿಯುತ್ತಾ, ರೋಲರನ್ನು ಶೆಡ್ಡಿನ ಕಡೆಗೆ ತಿರುಗಿಸಿದೆ. ಬೀಡಿಯ ತಲಬು ಹತ್ತಿದವನಿಗೆ ರೋಡ್ ರೋಲರಿನಂಥ ಶತ್ರು ಇನ್ನೊಂದಿಲ್ಲ. ಅದಕ್ಕೆ ಅವಸರ ಅಂದರೇನೆಂದೇ ಗೊತ್ತಿಲ್ಲ. ನಾನು ಮುಂದಕ್ಕೆ ಬಾಗಿ ಅದನ್ನು ತಳ್ಳುವವನಂತೆ ಕೂತಿದ್ದೆ. ಹೋಗಿ ಸೇದಿ ಬಂದೆ. ಮಧ್ಯಾಹ್ನ ಮತ್ತೆ ಹೋದೆ. ಹೀಗೆ ಎಂಟು ದಿನ.

ಒಂಬತ್ತನೇ ದಿನ ಬಿಳಿಯ ಇಂಜಿನಿಯರು ಬಂದ. ನಕ್ಷೆ ಬಿಡಿಸಿದ, ಮಡಿಸಿದ, ಮತ್ತೆ ಬಿಡಿಸಿದ. ನಕ್ಷೆಯಲ್ಲಿ ಇಲ್ಲದ ರಸ್ತೆಯೊಂದು ರೋಲರಿನಡಿ ಹದವಾಗಿ, ನೂಲು ಹಿಡಿದಂತೆ ನೇರವಾಗಿ ನನ್ನ ಮಂಚದ ತನಕ ಬಂದಿತ್ತು. ಯಾರು ಹೇಳಿದರು ಮಾಡು ಅಂತ, ಎಂದು ಕೇಳಿದ. ಮನಸ್ಸು ಹೇಳಿತು ಅಂದೆ. ಅವನು ಬೂಟುಗಾಲಿನಿಂದ ಒದ್ದು ನೋಡಿದ. ಒಂದು ಹರಳೂ ಏಳಲಿಲ್ಲ. ಕೊನೆಗೆ ಅದಕ್ಕೇ ಟಾರು ಹಾಕಿಸಿ ಕ್ಯಾಂಪಿನ ರಸ್ತೆ ಮಾಡಿದರು. ಬೀಡಿ ಬಿಡಲಾರದೆ ಒಂದು ದೇಶಕ್ಕೆ ರಸ್ತೆ ಕೊಟ್ಟವನು ನಾನೊಬ್ಬನೇ ಇರಬೇಕು.

ಬಾಯಿಗೆ ಕೆಲಸ ಕೊಡುವುದು

ಕ್ಯಾಂಪಿನ ಅಡಿಗೆಯವರು ದುರ್ಗದ ಸಾಬರು, ಕೋಟೆ ಕೆಳಗಿನ ಬೀದಿಯವರು. ನನ್ನ ಒದ್ದಾಟ ನೋಡಿ, "ಅರೆ, ಬಾಯಿ ಖಾಲಿ ಇದ್ರೆ ತಾನೇನಪ್ಪ ಬೀಡಿ ಕೇಳೋದು? ತುಂಬಿಸ್ಬಿಡು" ಅಂದರು. ಖರ್ಜೂರದ ಚೀಲವೊಂದನ್ನು ರೋಲರಿಗೆ ಕಟ್ಟಿದರು. ತಲಬು ಬಂದಾಗಲೆಲ್ಲ ಒಂದು ಖರ್ಜೂರ, ಬೀಜ ಕೆಳಕ್ಕೆ. ನನಗೆ ತಲಬು ಬಾರದ ನಿಮಿಷವೇ ಇರಲಿಲ್ಲ. ಬೀಜ ಬಿತ್ತು, ಅದರ ಮೇಲೆ ರೋಲರು ಹೋಯಿತು, ಹದ ಮಾಡಿದ ನೆಲಕ್ಕೆ ಟ್ಯಾಂಕರಿನವರು ನೀರು ಹಾಯಿಸಿದರು.

ಎರಡು ತಿಂಗಳಿಗೆ ಅಂಗಿಯ ಗುಂಡಿ ಕೂಡುವುದು ನಿಂತಿತು. ಮೂರು ತಿಂಗಳಿಗೆ ರಸ್ತೆ ನಡುವೆ ಸಾಲಾಗಿ ಸಸಿ ಎದ್ದವು. ಇಂಜಿನಿಯರು ಈ ಸಲ ನಕ್ಷೆ ತೆಗೆಯಲಿಲ್ಲ. ನೇರ ನನ್ನ ಹತ್ತಿರ ಬಂದು, ದಯವಿಟ್ಟು ಬೀಡಿಯನ್ನೇ ಸೇದು ಎಂದು ಕೈ ಮುಗಿದ.

ನೆಂಟಸ್ತನ ಹಿಡಿಯುವುದು

ಇಷ್ಟೆಲ್ಲ ಆಗುವಷ್ಟರಲ್ಲಿ ಒಂದು ವರ್ಷ ದಾಟಿತು. ಹೆಂಡತಿ ತಿಂಗಳಿಗೊಂದು ಕಾಗದ ಹಾಕುತ್ತಿದ್ದಳು. ಕೂಸು ಕೂರುತ್ತದೆ, ನಿಲ್ಲುತ್ತದೆ, ಅಂಗಳದ ತನಕ ನಡೆಯುತ್ತದೆ. ಅಂಗಳ ಅನ್ನುವ ಮಾತು ಬಂದಾಗಲೆಲ್ಲ ಬಾಯಲ್ಲಿದ್ದ ಬೀಡಿ ತೆಗೆದು ಹೊಸಕುತ್ತಿದ್ದೆ. ನಾನು ಎಂಟು ದಿನ ಬಿಡುವುದು, ಒಂಬತ್ತನೇ ದಿನ ಹಿಡಿಯುವುದು. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು.

ಆಗ ನನ್ನ ಶೆಡ್ಡಿಗೆ ಹೊಸದುರ್ಗ ಸೀಮೆಯ ವೆಲ್ಡರೊಬ್ಬರು ಬಂದರು. ನನ್ನದೇ ವಯಸ್ಸು. ನಮ್ಮ ಕಡೆಯ ಇಬ್ಬರು ಪರದೇಶದಲ್ಲಿ ಸಿಕ್ಕರೆ ಟೀ ಆರುವುದರೊಳಗೆ ನೆಂಟಸ್ತನ ಹಿಡಿಯದೆ ಬಿಡುವುದುಂಟೇ? ನನ್ನ ಹೆಂಡತಿಯ ಅಜ್ಜಿಯ ತವರು ಹೊಸದುರ್ಗದ ಕಡೆ. ಆ ಮನೆಯಿಂದ ಎಣಿಸಿಕೊಂಡು ಬಂದೆ. ಅವರು ನನಗೆ ಮಾವನಾದರು. ಅವರು ತಮ್ಮ ತಾಯಿಯ ಕಡೆಯಿಂದ ಎಣಿಸಿಕೊಂಡು ಬಂದರು. ನಾನು ಅವರಿಗೆ ದೊಡ್ಡಪ್ಪನಾದೆ. ಎರಡೂ ಸರಿಯಾಗಿಯೇ ಕಂಡವು. ನಾನು ಮಾವಾರೆ ಅಂದೆ, ಅವರು ದೊಡ್ಡಪ್ಪಾರೆ ಅಂದರು, ಇಬ್ಬರಿಗೂ ಬಹಳ ಸಂತೋಷವಾಯಿತು.

ಸಂತೋಷ ಟೀ ಮುಗಿಯುವ ತನಕ. ಆಮೇಲೆ ಜೇಬಿಗೆ ಕೈ ಹೋಯಿತು, ಅಲ್ಲೇ ನಿಂತಿತು. ಮಾವನ ಮುಂದೆ ಬೀಡಿ ಸೇದುವುದು ಹೇಗೆ? ನಮ್ಮಪ್ಪ ಮೊಮ್ಮಕ್ಕಳನ್ನು ಕಂಡಮೇಲೂ, ತನ್ನಣ್ಣ ಬೀದಿ ತಿರುವಿನಲ್ಲಿ ಕಂಡರೆ ಹೊತ್ತಿದ ಬೀಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡವನು. ಅಂಥ ಮನೆತನ.

ಅಂದಿನಿಂದ ನನ್ನ ಬೀಡಿ ಶೆಡ್ಡು ಬಿಟ್ಟು ನೀರಿನ ಟ್ಯಾಂಕರಿನ ಹಿಂದಕ್ಕೆ ಹೋಯಿತು. ಮಾವನಂಥ ಮಾವನಿಗೆ ಒಂದೂ ದುರಭ್ಯಾಸವಿಲ್ಲ, ನನಗೆ ಮಾತ್ರ ಈ ಗತಿ ಎಂದು ನಾಚಿಕೆಯಾಗುತ್ತಿತ್ತು. ಅವರೂ ಸಂಜೆ ಹೊತ್ತು ಕೂತಲ್ಲಿ ಕೂರುತ್ತಿರಲಿಲ್ಲ, ಊರ ನೆನಪು ಪಾಪ ಅಂದುಕೊಂಡಿದ್ದೆ.

ಒಂದು ಸಂಜೆ ಟ್ಯಾಂಕರಿನ ಈ ಮೂಲೆಯಿಂದ ನಾನು ತಿರುಗಿದೆ, ಆ ಮೂಲೆಯಿಂದ ಅವರು ತಿರುಗಿದರು. ಎದುರುಬದುರು. ಇಬ್ಬರ ಬಲಗೈಯೂ ಬೆನ್ನ ಹಿಂದಕ್ಕೆ ಹೋಯಿತು. ಏನ್ ಮಾವಾರೆ ಈ ಕಡೆ, ಸುಮ್ನೆ ಗಾಳಿಗೆ ಬಂದೆ ದೊಡ್ಡಪ್ಪಾರೆ, ಎಂದು ಮಾತು ಹತ್ತಿತು. ಹೊಸದುರ್ಗದಲ್ಲಿ ಮಳೆ ಹೇಗೆ, ಹೊಳಲ್ಕೆರೆಯಲ್ಲಿ ತೆಂಗು ಹೇಗೆ, ಎಲ್ಲ ಆಯಿತು. ಅವರ ಬೆನ್ನ ಹಿಂದಿನಿಂದ ಹೊಗೆ ಏಳುತ್ತಿತ್ತು. ಹಿರಿಯರ ಹೊಗೆ, ನೋಡಬಾರದೆಂದು ನಾನು ಆಕಾಶ ನೋಡಿದೆ. ಅವರೂ ಆಕಾಶವನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಹೇಳಿದೆ:

"ಮಾವಾರೆ, ತಪ್ಪು ತಿಳೀಬ್ಯಾಡ್ರಿ, ನಿಮ್ಮ ಲುಂಗಿ ಹತ್ಕಂಡೈತೆ."

"ಇರ್ಲಿ ಬಿಡ್ರಿ ದೊಡ್ಡಪ್ಪಾರೆ" ಅಂದರು ಅವರು ತಲೆ ತಗ್ಗಿಸಿ. "ನಿಮ್ದು ಆಗ್ಲೇ ಹತ್ಕಂಡೈತೆ."

ಅಜ್ಜಿಯ ತೀರ್ಪು

ಬೆಂಕಿ ಆರಿಸಿಕೊಂಡು ಬೇರೆ ಲುಂಗಿ ಉಟ್ಟು ಇಬ್ಬರೂ ಪಂಚಾಯ್ತಿಗೆ ಕೂತೆವು. ಇಬ್ಬರಲ್ಲಿ ಹಿರಿಯರು ಯಾರೆಂದು ಗೊತ್ತಾದರೆ ಅವರು ಸೇದಬಹುದು, ಕಿರಿಯನಾದವನು ಟ್ಯಾಂಕರಿನ ಹಿಂದೆ ಹೋಗಬೇಕು. ಸಂಬಂಧವನ್ನು ಮತ್ತೆ ಎಣಿಸಿದೆವು, ಅದು ಇನ್ನಷ್ಟು ಗಂಟಾಯಿತು. ನಾಲ್ಕು ತಾಲ್ಲೂಕಿನ ನೆಂಟಸ್ತನ ಬಲ್ಲವರೆಂದರೆ ನನ್ನ ಹೆಂಡತಿಯ ಅಜ್ಜಿ ಒಬ್ಬರೇ. ಅವರನ್ನು ಕೇಳಿ ಬರೆ ಎಂದು ಹೆಂಡತಿಗೆ ಕಾಗದ ಹಾಕಿದೆ. ಉತ್ತರ ಬರುವ ತನಕ ಇಬ್ಬರೂ ಕಿರಿಯರು, ಇಬ್ಬರೂ ಸೇದುವಂತಿಲ್ಲ. ಹೀಗೆಂದು ಮಾತಾಯಿತು.

ಹೋಗಿ ಬರಲು ಒಂದೂವರೆ ತಿಂಗಳು. ಆ ಒಂದೂವರೆ ತಿಂಗಳು ನಾವು ನಡೆದ ನಡಿಗೆಯನ್ನು ನೆಟ್ಟಗೆ ನಡೆದಿದ್ದರೆ ಹಿರಿಯೂರು ಸೇರುತ್ತಿದ್ದೆವು. ಟ್ಯಾಂಕರಿಗೆ ನಾನು ಬಲಕ್ಕೆ ಸುತ್ತುತ್ತಿದ್ದೆ, ಅವರು ಎಡಕ್ಕೆ, ಒಬ್ಬರ ಮೇಲೊಬ್ಬರಿಗೆ ಕಣ್ಣು. ಸಾಬರು ಇಬ್ಬರಿಗೂ ಊಟವನ್ನು ನಡೆಯುತ್ತಿರುವಾಗಲೇ ಬಡಿಸುವುದು ಕಲಿತರು. ಒಂದು ದಿನ ಇಂಜಿನಿಯರು ಖುಷಿಯಲ್ಲಿ ಸಿಗರೇಟಿನ ಡಬ್ಬಿ ಮುಂದೆ ಹಿಡಿದ. ಮಾವಾರು ತಗಳ್ಳಿ ಅಂದೆ ನಾನು. ದೊಡ್ಡಪ್ಪಾರ ಮುಂದೆ ಎಲ್ಲಾದ್ರೂ ಉಂಟಾ ಅಂದರು ಅವರು. ಕೈ ನೋವು ಬಂದು ಇಂಜಿನಿಯರು ಡಬ್ಬಿ ಒಳಗಿಟ್ಟುಕೊಂಡ.

ಕಾಗದ ಬಂತು. ಅಲ್ಲೇ ನಿಂತು ಒಡೆದೆ. ಕೂಸು ಕ್ಷೇಮ, ಎಮ್ಮೆ ಕ್ಷೇಮ, ಕಡೆಗೆ ಒಂದು ಸಾಲು: "ಅಜ್ಜಿ ಹೇಳಿದ್ದನ್ನು ಹಿಂದಿನ ಕಾಗದದಲ್ಲಿ ಬರೆದಿದ್ದೇನೆ, ಅದರಂತೆ ನಡೆದುಕೊಳ್ಳಿ."

ಹಿಂದಿನ ಕಾಗದ ಬಂದಿರಲಿಲ್ಲ. ಅಜ್ಜಿ ಏನೋ ಹೇಳಿದ್ದಾರೆ, ನಾವು ಅದರಂತೆ ನಡೆದುಕೊಳ್ಳಬೇಕು, ಏನೆಂದು ಮಾತ್ರ ಗೊತ್ತಿಲ್ಲ. ಇಂಥ ಆಜ್ಞೆಯನ್ನು ಮೀರುವುದಕ್ಕೂ ಆಗುವುದಿಲ್ಲ. ಮತ್ತೆ ನಡೆದೆವು, ಇನ್ನೂ ಒಂದೂವರೆ ತಿಂಗಳು.

ಕೊನೆಗೆ ಆ ಕಾಗದ ಬಂತು. ಅಜ್ಜಿ ಹೇಳಿದ್ದು ಇಷ್ಟೇ: ಯಾವ ಸೀಮೆ ಮಾವ, ಯಾವ ಸೀಮೆ ದೊಡ್ಡಪ್ಪ? ಆ ಮನೆಗೂ ನಮಗೂ ಹೆಣ್ಣು ಕೊಟ್ಟಿದ್ದೂ ಇಲ್ಲ, ತಂದಿದ್ದೂ ಇಲ್ಲ.

ಸಂಬಂಧವೇ ಇಲ್ಲ! ಇಬ್ಬರೂ ಓಡಿಹೋಗಿ ಸಾಬರ ಹತ್ತಿರ ಒಂದು ಕಟ್ಟು ತಂದು, ಟ್ಯಾಂಕರಿನ ಮುಂದೆಯೇ ರಾಜಾರೋಷವಾಗಿ ಕೂತು ಹೊತ್ತಿಸಿದೆವು. ಒಂದು ದಮ್ಮು ಎಳೆದದ್ದೇ ತಡ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಬಾಯಿ ತುಂಬ ಸುಟ್ಟ ಚಿಂದಿಯ ರುಚಿ.

"ಇಷ್ಟು ವರ್ಷ ನಾವು ಸೇದಿದ್ದು ಇದನ್ನೇ ಏನ್ರಿ?" ಅಂದರು ಹಳೇ ಮಾವ.

ಕಟ್ಟನ್ನು ಸಾಬರಿಗೆ ವಾಪಸು ಕೊಟ್ಟೆವು.

ಅಂಗಳ

ದೀಪಾವಳಿ ಕಳೆದು ಊರಿಗೆ ಬಂದೆ. ಚಿಕ್ಕಜಾಜೂರಿನಲ್ಲಿ ರೈಲಿಳಿದು, ಬಸ್ಸು ಹಿಡಿದು, ಮನೆ ಮುಂದೆ ಅಂಗಳದಲ್ಲಿ ತಾನಾಗಿಯೇ ನಿಂತೆ. ಬಾಗಿಲಲ್ಲಿ ಮಗಳು, ನನ್ನನ್ನು ಯಾರೋ ಅಂತ ನೋಡುತ್ತಿದ್ದಳು. ಹೆಂಡತಿ ಮೆಟ್ಟಿಲಿಳಿದು ಬಂದು ಮೊದಲು ಅಂಗಿಯ ಕೊರಳಪಟ್ಟಿ ಮೂಸಿದಳು, ಆಮೇಲೆ ಬೆರಳು, ಕೊನೆಗೆ ಮೀಸೆ. ಅಕ್ಕಪಕ್ಕದವರು ನೋಡುತ್ತಿದ್ದಾರೆನ್ನುವ ಪರಿವೆ ಇಲ್ಲ.

"ಒಳಗೆ ಬರ್ರಿ" ಅಂದಳು.

ಮಗಳು ಸ್ವಲ್ಪ ಹೊತ್ತು ಅತ್ತು, ಆಮೇಲೆ ನನ್ನ ಹೆಗಲ ಮೇಲೆಯೇ ನಿದ್ದೆ ಹೋದಳು. ಉಸಿರು ಹಗುರಾಗಿತ್ತು. ಎರಡು ವರ್ಷದಲ್ಲಿ ಮೊದಲ ಸಲ ನಾನು ಕೂತ ಕಡೆ ಕೂತಿದ್ದೆ.

ಸಂಜೆ ಜಗುಲಿ ತುಂಬ ಜನ. ಮನೋಬಲ ಅಂದರೇನು, ಗಂಡಸು ಮನಸ್ಸು ಮಾಡಿದರೆ ಏನೆಲ್ಲ ಆಗುತ್ತದೆ ಎಂದು ವಿವರವಾಗಿ ಹೇಳುತ್ತಿದ್ದೆ. ಮೂರು ತಿಂಗಳು, ಅಜ್ಜಿಯ ಕಾಗದ ಕಡಲು ದಾಟಿ ಬರುವ ತನಕ, ಒಂದು ದಮ್ಮೂ ಎಳೆಯಲಿಲ್ಲ ಎಂದೆ. ಆ ದೇಶದ ಅಂಚೆಯವರನ್ನು ನಾಲ್ಕು ಮಾತು ಬೈದೆ.

"ಅವ್ರನ್ನ ಯಾಕ್ ಬೈತೀರಿ" ಅಂದಳು ಒಳಗಿನಿಂದ ಹೆಂಡತಿ. "ಅಜ್ಜಿ ಅವತ್ತೇ ಹೇಳಿತ್ತು, ನಾನೂ ಅವತ್ತೇ ಬರ್ದಿದ್ದೆ. ಗಾಳಿಗೆ ಹಾರೀತು ಅಂತ ಅಕ್ಕಿ ಡಬ್ಬದ ಅಡಿಗಿಟ್ಟು ಮರ್ತಿದ್ದೆ, ಹಾಕೀನಿ ಅಂತ್ಲೇ ತಿಳ್ಕಂಡಿದ್ದೆ. ಕಾರ ಹುಣ್ಣಿಮೆ ಆದ್ಮೇಲೆ ಇಟ್ಟಿದ್ದು. ಪಂಚಮಿಗೆ ಉಂಡೆ ಕಟ್ಟಿದ್ವಿ, ಅಕ್ಕಿ ಮುಟ್ಲಿಲ್ಲ. ಗೌರಿ ಹಬ್ಬಕ್ಕೆ ಅನ್ನ ಮಾಡಾಣ ಅಂತ ಡಬ್ಬ ಎತ್ತಿದ್ರೆ, ಅಲ್ಲೇ ಐತೆ. ಆಗ ಹಾಕ್ದೆ."

ನಾನು ಮನಸ್ಸಿನಲ್ಲೇ ಎಣಿಸಿ ನೋಡಿದೆ. ನಮ್ಮದು ದಿನಾ ಅನ್ನ ಉಣ್ಣುವ ಮನೆಯಾಗಿದ್ದರೆ ಆ ಡಬ್ಬ ಎರಡೇ ದಿನಕ್ಕೆ ಎದ್ದಿರುತ್ತಿತ್ತು, ಕಾಗದ ಹೊತ್ತಿಗೆ ಸರಿಯಾಗಿ ಬಂದಿರುತ್ತಿತ್ತು, ನಾನೀಗ ಬೀಡಿ ಕಚ್ಚಿಕೊಂಡು ಅಂಗಳದಲ್ಲಿ ನಿಂತಿರುತ್ತಿದ್ದೆ.

ಈಗಲೂ ಯಾರಾದರೂ ಬಂದು, ಅದು ಹೆಂಗ್ ಬಿಟ್ರಿ ಬೀಡೀನ, ನಮಗೂ ಒಂದು ದಾರಿ ಹೇಳ್ರಿ ಅಂತ ಕೇಳಿದರೆ ನಾನು ಮನೋಬಲದ ಮಾತೇ ಎತ್ತುವುದಿಲ್ಲ. ಮುದ್ದೆ ಉಣ್ರಿ ಅನ್ನುತ್ತೇನೆ.