ಮೌನದ ಮೇಲೆ ಸುಂಕ

ಬಹಳ ಹಿಂದೆ, ಮುಂದೆ ಹೋಗುವ ಆತುರದಲ್ಲಿದ್ದ ಒಂದು ರಾಜ್ಯವಿತ್ತು. ಹೆಸರು ಘೋಷಾವತಿ. ಅಲ್ಲಿನ ಶಾಲೆಯೊಂದರಲ್ಲಿ ಲೆಕ್ಕ ಕಲಿಸುತ್ತಿದ್ದ ತಮ್ಮಣ್ಣಯ್ಯ ಮೇಷ್ಟ್ರನ್ನು ಒಂದು ವಿಷಯ ಬಹಳ ದಿನಗಳಿಂದ ಕೊರೆಯುತ್ತಿತ್ತು. ಮಕ್ಕಳಿಗೆ ಕೂಡಲು, ಕಳೆಯಲು ಬರುತ್ತಿತ್ತು. ಎಲ್ಲಿ ಕೂಡಬೇಕು, ಎಲ್ಲಿ ಕಳೆಯಬೇಕು ಎಂದು ಪ್ರಶ್ನೆಯನ್ನು ಓದಿ ತಿಳಿಯಲು ಬರುತ್ತಿರಲಿಲ್ಲ. ಓದಿಸುವುದನ್ನು ಭಾಷೆಯ ಮೇಷ್ಟ್ರಿಗಷ್ಟೇ ಬಿಡದೆ ಎಲ್ಲ ಪಾಠಗಳಲ್ಲೂ ಓದಿಸೋಣವೆಂದು ಅವರು ಆಸ್ಥಾನಕ್ಕೆ ಬಿನ್ನವಿಸಿಕೊಂಡರು.

ಮಹಾರಾಜ ವಿಜಯಘೋಷನಿಗೆ ಮಾತು ಹಿಡಿಸಿತು. "ಆದರೆ ಮಕ್ಕಳು ಓದುತ್ತಿದ್ದಾರೆಂದು ನಮಗೆ ತಿಳಿಯುವುದು ಹೇಗೆ?"

"ಕಿವಿಯಿಂದ, ಪ್ರಭೂ," ಎಂದ ವಿದ್ಯಾಮಂತ್ರಿ ಕರ್ಣಸೇನ. "ತಮ್ಮ ಕಿವಿಗಿಂತ ದೊಡ್ಡ ಮಾಪಕ ಈ ಭೂಮಂಡಲದಲ್ಲಿ ಇನ್ನೆಲ್ಲಿದೆ?"

ರಾಜಾಜ್ಞೆ ಹೊರಟಿತು. ಪ್ರತಿ ಪಾಠದಲ್ಲೂ ಗಟ್ಟಿಯಾಗಿ ಓದತಕ್ಕದ್ದು. ಹೊರಗೆ ನಿಂತ ತಪಾಸಣಾಧಿಕಾರಿಗೆ ಕೇಳಿಸದ ಓದನ್ನು ಪ್ರಗತಿಯ ಡೇಟಾಕ್ಕೆ ಸೇರಿಸತಕ್ಕದ್ದಲ್ಲ. ಅಂದಿನಿಂದ ಆಟದ ಮೈದಾನದಲ್ಲಿ ಮಕ್ಕಳು ಕಬಡ್ಡಿಯ ನಿಯಮಗಳನ್ನು ಭಾವಪೂರ್ಣವಾಗಿ ಓದಿದರು. ಆಡಲು ಹೊತ್ತು ಸಾಲಲಿಲ್ಲ. ಚಿತ್ರಕಲೆಯ ತರಗತಿಯಲ್ಲಿ ಬಣ್ಣದ ಡಬ್ಬಿಯ ಮೇಲಿನ ಬರಹವನ್ನು ಒಕ್ಕೊರಲಿನಿಂದ ಪಠಿಸಿ ಡಬ್ಬಿಯನ್ನು ಹಾಗೆಯೇ ಒಳಗಿಟ್ಟರು.

ತಮ್ಮಣ್ಣಯ್ಯನವರ ತರಗತಿಯಲ್ಲಿ ಮಾತ್ರ ನೀಲವ್ವ ಎಂಬ ಹುಡುಗಿ ಒಂದು ಲೆಕ್ಕದೆದುರು ತುಟಿ ಮುಚ್ಚಿ ಕೂತಿದ್ದಳು. ವರ್ಷವಿಡೀ ತಪ್ಪು ಉತ್ತರ ಬರೆದವಳು. ಈಗ ಅವಳ ಕಣ್ಣು ಮುಂದಕ್ಕೆ ಓಡಿ, ಏನೋ ಅನುಮಾನ ಬಂದಂತೆ ಹಿಂದಿನ ಸಾಲಿಗೆ ಮರಳಿ, ಅಲ್ಲೇ ನಿಂತಿತು. ಆ ನಿಲ್ಲುವಿಕೆಗಾಗಿಯೇ ಮೇಷ್ಟ್ರು ಇಷ್ಟು ಕಾಲ ಕಾದಿದ್ದರು. ಉಸಿರೂ ಸದ್ದು ಮಾಡದಂತೆ ನೋಡಿಕೊಂಡರು.

ತಪಾಸಣಾಧಿಕಾರಿ ಒಳಗೆ ನುಗ್ಗಿದ. "ಏನ್ ಮೇಷ್ಟ್ರೇ, ಈ ಕ್ಲಾಸಲ್ಲಿ ಯಾರೂ ಬದುಕಿಲ್ವೇನ್ರೀ?"

"ಓದ್ತಾ ಇದ್ದಾಳೆ ಸ್ವಾಮಿ. ಒಂದ್ ನಿಮಿಷ ತಡೀರಿ, ಅರ್ಥ ಆಗೋ ಹಂಗಿದೆ."

"ಅರ್ಥ ಆಗೋದು ನನಗೆ ಕೇಳಿಸ್ಬೇಕಲ್ರೀ! ಏಳಮ್ಮ, ಗಟ್ಟಿಯಾಗಿ ಓದು."

ನೀಲವ್ವ ಬೆಚ್ಚಿ ಎದ್ದು ಓದಿದಳು. ದನಿ ಗಂಟೆ ಹೊಡೆದಂತಿತ್ತು. ಅಧಿಕಾರಿ ಚಪ್ಪಾಳೆ ತಟ್ಟಿ, ಪೂರ್ತಿ ಅಂಕ ಕೊಟ್ಟು ಹೋದ.

"ಉತ್ತರ ಎಷ್ಟು ಬಂತವ್ವ?" ಮೇಷ್ಟ್ರು ಕೇಳಿದರು.

"ಬರ್ತಾ ಇತ್ತು ಸಾರ್. ಆಮೇಲೆ ಹೋಯ್ತು."

ಬೇಸಿಗೆಯ ಹೊತ್ತಿಗೆ ಘೋಷಾವತಿಯು ಸಂಪೂರ್ಣ ಸಾಕ್ಷರ ರಾಜ್ಯವೆಂದು ಡಂಗುರ ಸಾರಲಾಯಿತು. ಕರ್ಣಸೇನನಿಗೆ 'ಅಕ್ಷರಕೇಸರಿ' ಎಂಬ ಬಿರುದು, ಆನೆಯ ಮೇಲೆ ಮೆರವಣಿಗೆ. ಮೆರವಣಿಗೆಯಿಂದ ಬೊಕ್ಕಸ ಬರಿದಾದ್ದರಿಂದ, ಓದಿನ ಸದ್ದು ಕೇಳಿಸದ ಮನೆಗಳ ಮೇಲೆ ಮೌನಸುಂಕ ವಿಧಿಸಲಾಯಿತು. ಜನ ಕೈಗೆ ಸಿಕ್ಕಿದ್ದನ್ನೆಲ್ಲ ಅರಚಿ ಓದತೊಡಗಿದರು. ಓದು ಬಾರದವರು ಸುಮ್ಮನೆ ಅರಚಿದರು. ಅವರಿಗೂ ವಿನಾಯಿತಿ ಸಿಕ್ಕಿತು.

ತಮ್ಮಣ್ಣಯ್ಯನವರ ಮನೆ ಮಾತ್ರ ಸದ್ದಿಲ್ಲದೆ ಇತ್ತು. ಒಳಗೆ, ಓದಲೆಂದು ಬಂದಿದ್ದ ನೀಲವ್ವ ಪುಸ್ತಕ ಹಿಡಿದು ಕೂತಿದ್ದಳು. ಸುಂಕದವನು ಹೊಸ್ತಿಲ ಬಳಿ ಬಂದು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟು, ಅವನ ಕೈಗೆ ದುಡ್ಡು ಹಾಕಿದರು.

ಅವನು ಹೊರಡಲಿಲ್ಲ. ಹುಡುಗಿಯನ್ನೇ ನೋಡುತ್ತ ತುಸು ಹೊತ್ತು ನಿಂತ. ಆಮೇಲೆ ಪಿಸುಗುಟ್ಟಿದ:

"ಮೇಷ್ಟ್ರೇ, ನಾಳೆಯಿಂದ ನನ್ ಮಗಳನ್ನೂ ಕಳಿಸ್ಲಾ? ಅವಳ ಪಾಲಿನ ಸುಂಕ ನಾನೇ ನನ್ನತ್ರ ವಸೂಲಿ ಮಾಡ್ಕೋತೀನಿ."